ನಮ್ಮ ಕಾರ್ಖಾನೆಯ ಸಕ್ಕರೆ

‘ಫಿನ್‌ಬಾರ್ ತಾತ ಬರ್ತಿದ್ದಾರೆ, ಸಕ್ಕರೆ ಒಳಗಿಡ್ರೀ’ ಎಂದು ಐರ್ಲೆಂಡಿನ ಡಗ್ಲಸ್‌ನ ನಮ್ಮ ಬೀದಿಯ ಕನ್ನಡದವರು ನಗುತ್ತಿದ್ದರು. ಆ ದೇಶದ ಸಕ್ಕರೆ ಕಾರ್ಖಾನೆಯಲ್ಲಿ ಶುಗರ್ ಬೀಟ್ ಗೆಡ್ಡೆಯ ಪಾಕ ಕುದಿಸುತ್ತಲೇ ತಲೆ ನರೆಸಿಕೊಂಡ ಮನುಷ್ಯ ನೋಡಿ, ಯಾರ ಮನೆಗೆ ಹೋದರೂ ಮೊದಲು ಪ್ಯಾಕೆಟ್ ತಿರುಗಿಸಿ ಅದು ಯಾವ ದೇಶದ್ದೆಂದು ಓದುತ್ತಿದ್ದರು. ‘ನಾವೆಷ್ಟು ಸಕ್ಕರೆ ಮಾಡ್ಬೇಕು ಅಂತ ಹೊರದೇಶದಲ್ಲಿ ಕೂತೋರು ಗೊತ್ತುಮಾಡಿದ್ರು, ಕೊನೆಗೆ ಮಾಡ್ಲೇಬೇಡಿ ಅಂದ್ರು. ಈಗ ಅವರದನ್ನೇ ಕೊಂಡು ತಿನ್ನಬೇಕಂತೆ’ ಎನ್ನುತ್ತಿದ್ದರು. ಕಾರ್ಖಾನೆ ಮುಚ್ಚಿದಂದಿನಿಂದ ಅವರದು ಸಪ್ಪೆ ಚಹಾ. ಮೊಮ್ಮಗಳ ಮದುವೆಯ ಕೇಕಿನ ಮೇಲಿನ ಸಕ್ಕರೆಯನ್ನೂ ಚಾಕುವಿನಿಂದ ಕೆರೆದು ಬದಿಗಿಟ್ಟವರು. ಪಕ್ಕದ ಮನೆಯ ಜಯಶೀಲಾ ಕೊಟ್ಟ ಮೈಸೂರು ಪಾಕನ್ನು ವಿಚಾರಣೆ ಮಾಡಿ ಹಿಂದಿರುಗಿಸಿದವರು. ಆದರೆ ಮರೆವು ಹಿಡಿದ ಹೆಂಡತಿ ಮೋರಾಳ ಲೋಟಕ್ಕೆ ಮಾತ್ರ ಅದೇ ಹೊರದೇಶದ ಸಕ್ಕರೆ, ಎರಡು ಚಮಚ. ‘ನಮ್ಮದೇ ತಾನೆ?’ ಎಂದು ಕೇಳದೆ ಆಕೆ ಕುಡಿದದ್ದಿಲ್ಲ. ‘ನಮ್ಮದೇ ಕಣೇ, ನಿನ್ನೆ ನಾನೇ ಕುದಿಸಿದ್ದು’ ಎನ್ನದೆ ಇವರು ಕೊಟ್ಟದ್ದಿಲ್ಲ. ಆಕೆ ನರ್ಸಿಂಗ್ ಹೋಮ್ ಸೇರಿದ ಮೇಲೂ ದಿನಾ ಹೋಗಿ ಚಹಾ ಕುಡಿಸಿ ಬರುತ್ತಿದ್ದರು. ಕೊರೊನಾ ಬಂತು, ನೋಡಲು ಬರುವವರಿಗೆ ಬಾಗಿಲು ಮುಚ್ಚಿತು. ಆಕೆ ಚಹಾ ಮುಟ್ಟುತ್ತಿಲ್ಲ, ಸೊರಗುತ್ತಿದ್ದಾಳೆ ಎಂದು ಫೋನ್ ಬಂತು. ಅಲ್ಲೇ ವಾಸಕ್ಕೆ ಸೇರುವವರನ್ನಷ್ಟೇ ಒಳಗೆ ಬಿಡುತ್ತಿದ್ದರು. ತಾತ ಪೆಟ್ಟಿಗೆ ಕಟ್ಟಿದರು. ‘ಇಷ್ಟು ಗಟ್ಟಿಯಾಗಿದ್ದೀರಿ, ನಿಮಗ್ಯಾಕೆ ತಾತ ಆ ಜಾಗ? ನೋಡ್ಕೊಳ್ಳೋಕೆ ಅಲ್ಲಿ ಒಳ್ಳೆ ಜನ ಇದ್ದಾರಲ್ಲ’ ಎಂದು ಜಯಶೀಲಾ ಗೋಡೆಯಾಚೆಯಿಂದ ಕೇಳಿದರು. ತಾತ ಮಾಸ್ಕ್ ಸರಿಮಾಡಿಕೊಂಡು, ‘ತುಂಬಾ ಒಳ್ಳೆಯವರಮ್ಮ. ಅವಳು ಕೇಳಿದ್ರೆ ನಿಜಾನೇ ಹೇಳ್ಬಿಡ್ತಾರೆ’ ಎಂದು ಬಾಗಿಲು ಎಳೆದುಕೊಂಡು ಹೊರಟರು.