ಕಾಟಯ್ಯನ ಕೋಲಿನಳತೆಯ ಟ್ರ್ಯಾಕ್ಟರ್

ಟಕ್. ಟಕ್ ಟಕ್. ಸ್ವಲ್ಪ ಬಿಟ್ಟು ಮತ್ತೆ, ಟಕ್.

ಚಿಕ್ಕಜಾಜೂರಿನ ರೈಲು ಹಳಿಯ ಪಕ್ಕದ ಇಟ್ಟಿಗೆ ಗೂಡಿನ ಅಂಗಳದಲ್ಲಿ ಕಾಟಯ್ಯ ಕಣ್ಣು ಮುಚ್ಚಿ ನಿಂತುಬಿಟ್ಟ. ಬಿಸಿಲು ನೆತ್ತಿಗೆ ಬಂದಿತ್ತು. ಎದುರಿಗೆ ಒಂದು ಸಣ್ಣ ಟ್ರ್ಯಾಕ್ಟರ್ ನಿಂತಲ್ಲೇ ಮೈ ನಡುಗಿಸುತ್ತ ಹೊಗೆ ಬಿಡುತ್ತಿತ್ತು. ಗೂಡಿನ ಧೂಳು ಕುಡಿದು ಕುಡಿದು ಅದೂ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಎಂಜಿನ್ನಿನ ಗುಡುಗುಡು ಎಲ್ಲ ಟ್ರ್ಯಾಕ್ಟರಿಗೂ ಇರುವುದೇ. ಆದರೆ ಈ ಗುಡುಗುಡಿನ ಒಳಗೆ, ಎಲ್ಲೋ ಆಳದಲ್ಲಿ, ಕಲ್ಲಿಗೆ ಕಲ್ಲು ಬಡಿದಂಥ ಇನ್ನೊಂದು ಸದ್ದಿತ್ತು.

"ಆ ಟಕ್ ಟಕ್ ಏನೂ ಅಲ್ಲ ಯಜಮಾನ್ರೇ," ಎಂದ ಗೂಡಿನ ಮಾಲೀಕ ಏಕಾಂತಪ್ಪ. "ಒಳಗೆ ಒಂದು ಸಣ್ಣ ಸಾಮಾನು ಸವೆದೈತೆ. ದುರ್ಗದಿಂದ ಮೆಕ್ಯಾನಿಕ್ ಕರೆಸಿ ನಿಲ್ಲಿಸಿ ಕೊಡ್ತೀನಿ."

"ಬ್ಯಾಡ. ಅದು ಹಂಗೇ ಇರ್ಲಿ."

ಜೊತೆಗೆ ಬಂದಿದ್ದ ದಲ್ಲಾಳಿ ಶಿವಕುಮಾರಪ್ಪ ಎಲೆಯಡಿಕೆ ಉಗಿದು ನಕ್ಕ. "ನೋಡಪ್ಪ ಏಕಾಂತಪ್ಪ. ಮಾರೋನು ಕಾಯಿಲೆ ಐತೆ ಅಂತಾನೆ, ಕೊಳ್ಳೋನು ಇರ್ಲಿ ಬಿಡು ಅಂತಾನೆ. ಇಂಥಾ ಯಾಪಾರ ನನ್ನ ಜನ್ಮದಾಗೆ ಕಂಡಿಲ್ಲ."

ಕಾಟಯ್ಯ ಕಣ್ಣು ತೆರೆದು ತನ್ನ ಕುರಿ ಕಾಯುವ ಕೋಲನ್ನು ಎತ್ತಿಕೊಂಡ. ಅದರ ಮೇಲೆ ಕುಡುಗೋಲಿನಿಂದ ಕೊರೆದ ಒಂದು ಗುರುತಿತ್ತು. ಟ್ರ್ಯಾಕ್ಟರಿನ ಹಿಂದೆ ಮಂಡಿಯೂರಿ, ಕೋಲನ್ನು ಆ ಗಾಲಿಯಿಂದ ಈ ಗಾಲಿಗೆ ಅಡ್ಡ ಹಿಡಿದ. ಗುರುತಿನ ಒಳಗೇ ಗಾಲಿ ಮುಗಿಯಿತು. ಟ್ರೈಲರಿಗೂ ಹಿಡಿದ. ಅದೂ ಮುಗಿಯಿತು. ಎದ್ದು ಮಂಡಿಯ ಧೂಳನ್ನು ಕೊಡವದೆ ಹಾಗೇ ನಿಂತ.

ಹರಿಯಬ್ಬೆಯ ಕಡೆಯ ಒಂದು ಹಟ್ಟಿ ಅವನದು. ಸುತ್ತ ಕಾರೆಮುಳ್ಳಿನ ಬೇಲಿ, ಒಳಗೆ ಮನೆಗಳು, ಕುರಿರೊಪ್ಪ, ದೇವರ ಗುಡಿ. ಆ ಬೇಲಿಯೊಳಗೆ ಬಾಣಂತಿ ಇರುವಂತಿಲ್ಲ. ಹಳ್ಳದ ದಂಡೆಯ ತಗ್ಗಿನಲ್ಲಿ ಸೊಪ್ಪುಸದೆಯ ಗುಡಿಸಲು ಹಾಕುತ್ತಾರೆ. ಸೂತಕ ಕಳೆಯುವ ತನಕ ತಾಯಿಯೂ ಮಗುವೂ ಅಲ್ಲೇ. ಆ ತಗ್ಗಿನ ನೆಲವನ್ನು ಗಂಡಸರು ಮೆಟ್ಟುವುದಿಲ್ಲ.

ಕಾಟಯ್ಯನ ಹೆಂಡತಿ ಮುದ್ದಕ್ಕನ ಬಳಿ ಎರಡು ಬೆಣಚುಕಲ್ಲುಗಳಿದ್ದವು. ಗಂಡನ ಹೆಸರು ಹಿಡಿದು ಕರೆಯುವ ಹಾಗಿಲ್ಲವಲ್ಲ, ಅವನು ಕುರಿ ಮೇಯಿಸುವ ಗುಡ್ಡದ ಬುಡಕ್ಕೆ ಬುತ್ತಿ ತಂದಾಗ ಆ ಕಲ್ಲುಗಳನ್ನು ಒಂದಕ್ಕೊಂದು ಬಡಿಯುತ್ತಿದ್ದಳು. ಟಕ್. ಟಕ್ ಟಕ್. ಕುರಿಗಳ ನಡುವೆ ಅವನು ತಲೆ ಎತ್ತುತ್ತಿದ್ದ. ಅವನ ಹೆಸರು ಅವಳ ಬಾಯಿಗೆ ಎಂದೂ ಬರಲಿಲ್ಲ. ಅವಳ ಕೈಗೆ ದಿನವೂ ಬಂತು.

ಮಗಳು ಓಬವ್ವ ಹುಟ್ಟಿದ ವಾರದಲ್ಲಿ, ಒಂದು ಸಂಜೆ ಗಾಳಿಮಳೆ ಎದ್ದಿತು. ತಗ್ಗಿನಿಂದ ಕಲ್ಲಿನ ಸದ್ದು ಬಂತು. ಕಾಟಯ್ಯ ಬೇಲಿಯ ತನಕ ಓಡಿದ. ಹಟ್ಟಿಯ ಯಜಮಾನ ಪಾಲಣ್ಣ ಅವನ ತೋಳು ಹಿಡಿದ. "ಗಂಡಸು ಹೋಗೋ ನೆಲ ಅಲ್ಲ ಕಣೋ. ಮಳೆ ಒಂದಿಷ್ಟು ತಗ್ಗಲಿ, ಹೆಂಗಸ್ರನ್ನ ಕಳಿಸಾಣ." ಹಿರಿಯರು ಮಾತಾಡಿದರು. ಯಾರನ್ನು ಕಳಿಸುವುದು, ಯಾವ ದಾರಿಯಲ್ಲಿ ಕಳಿಸುವುದು, ಹೋದವರು ಮತ್ತೆ ಯಾವಾಗ ಒಳಗೆ ಬರಬಹುದು. ಕಾಟಯ್ಯ ತಲೆ ತಗ್ಗಿಸಿ ಕೇಳುತ್ತ ನಿಂತ. ಮಾತು ಮುಗಿಯುವ ಹೊತ್ತಿಗೆ ಕಲ್ಲಿನ ಸದ್ದು ನಿಂತಿತ್ತು.

ಗುಡಿಸಲು ಮಲಗಿಬಿಟ್ಟಿತ್ತು. ಮುದ್ದಕ್ಕ ನೆಲಕ್ಕೆ ಬಾಗಿದ ಹಾಗೆಯೇ ತಣ್ಣಗಾಗಿದ್ದಳು. ಅವಳ ಮೈಯ ಕೆಳಗೆ ಮಗು ಬೆಚ್ಚಗಿತ್ತು, ಒಂದು ಹನಿಯೂ ತಾಕಿರಲಿಲ್ಲ.

ಅವನು ಮತ್ತೆ ಮದುವೆಯಾಗಲಿಲ್ಲ. ವಿಧವೆ ಅಕ್ಕ ನಾಗಕ್ಕ ಬಂದು ಮಗುವನ್ನು ಸಾಕಿದಳು. ಕಲ್ಲುಗಳು ಮನೆಯ ಗೋಡೆಯ ಗೂಡು ಸೇರಿದವು, ಸದ್ದು ಮಾತ್ರ ಅವನ ಜೊತೆಗೇ ತಿರುಗಿತು. ಬಂಡೆ ಒಡೆಯುವವರ ಉಳಿಯಲ್ಲಿ ಕೇಳಿತು, ಬಸ್ಸಿನ ಸಡಿಲ ಕಿಟಕಿಯಲ್ಲಿ ಕೇಳಿತು. ಏನೂ ಇಲ್ಲದ ಬಯಲಲ್ಲಿ ಕುರಿಗಳೆಲ್ಲ ತಲೆ ತಗ್ಗಿಸಿ ಮೇಯುವಾಗಲೂ ಕೇಳಿತು. ಅವನು ತಿರುಗುತ್ತಿದ್ದ. "ಯಾರಪ್ಪ ಕರೆದೋರು?" ಎಂದು ಜೊತೆಯವರು ನಗುತ್ತಿದ್ದರು. ಬರಬರುತ್ತ ಅವರೂ ನಗುವುದನ್ನು ಬಿಟ್ಟರು.

ಈಗ ಓಬವ್ವ ಚೊಚ್ಚಲ ಬಸುರಿ, ಹೆರಿಗೆಗೆ ತವರಿಗೆ ಬಂದಿದ್ದಳು. ಹಿರಿಯೂರಿನ ಆಸ್ಪತ್ರೆಗೆ ಕರೆದೊಯ್ಯುವ ಮಾತು ಬಂದಾಗ ನಾಗಕ್ಕ, "ಅಲ್ಲೇ ಹೆತ್ತರೂ ವಾಪಸ್ಸು ಬಂದು ಇರಾದು ಆ ಸೊಪ್ಪಿನ ಕೆಳಗೇ ಅಲ್ಲೇನಪ್ಪ?" ಎಂದಳು. ಅಂದು ಕಾಟಯ್ಯ ಊಟ ಬಿಟ್ಟು ಎದ್ದ. ತಗ್ಗಿನಲ್ಲಿ ಕಲ್ಲಿನ ಗೋಡೆ, ಚಪ್ಪಡಿಯ ಮಾಡು ಇರುವ ಒಂದು ಕೋಣೆ ಕಟ್ಟಿಸಬೇಕು. ಮುಂಗಾರಿಗೆ ಮೊದಲು, ಹೆರಿಗೆಗೆ ಮೊದಲು.

ಐಮಂಗಲದ ಕಲ್ಲುಕೆಲಸದವರು ತಮ್ಮ ಹೆಂಗಸರ ಕೈಯಿಂದಲೇ ಕಟ್ಟಿಸಲು ಒಪ್ಪಿದರು. ಕಲ್ಲು ಸಾಗಿಸಲು ಮಾತ್ರ ಯಾರೂ ಎತ್ತು ಕೊಡಲಿಲ್ಲ. ಹಟ್ಟಿಯ ಎತ್ತುಗಳು ದೇವರಿಗೆ ಬಿಟ್ಟ ಹಸುಗಳ ಸಂತಾನ. ಅವನ್ನು ಸೂತಕದ ನೆಲಕ್ಕೆ ಹೊಡೆಯುವಂತಿಲ್ಲ. ಹಟ್ಟಿಯವರ ಮನಸ್ಸು ಮುರಿಯಲು ಪಕ್ಕದ ಊರಿನ ಗಾಡಿಯವರೂ ಮುಂದೆ ಬರಲಿಲ್ಲ.

ಕಾಟಯ್ಯ ಪಾಲಣ್ಣನ ಜಗುಲಿಗೆ ಹೋದ.

"ಅಣ್ಣ, ಎತ್ತಿಗೆ ಸೂತಕ ತಟ್ಟುತ್ತೆ. ಟ್ರ್ಯಾಕ್ಟರಿಗೆ ತಟ್ಟುತ್ತಾ?"

ಪಾಲಣ್ಣ ಬಹಳ ಹೊತ್ತು ಗಡ್ಡ ಕೆರೆದುಕೊಂಡ. "ಕಬ್ಬಿಣಕ್ಕೆ ಹುಟ್ಟಿಲ್ಲ, ಸಾವಿಲ್ಲ. ಅದಕ್ಕೆಲ್ಲಿ ಸೂತಕ? ಆದ್ರೆ ಅದನ್ನ ಹೊಡೆಯೋನು ಗಂಡಸಲ್ಲೇನೋ?"

"ನಾನೇ ಹೊಡೀತೀನಿ. ಇಳಿಯಲ್ಲ. ಅದರ ಮೇಲೇ ಕುಂತಿರ್ತೀನಿ. ಆ ನೆಲಕ್ಕೆ ನನ್ನ ಕಾಲು ಸೋಕಲ್ಲ."

"ಮಾತು ಕೊಟ್ಟಂಗಾಯ್ತು."

"ಕೊಟ್ಟೆ."

"ಬೇಲಿ ಮುಟ್ಟಂಗಿಲ್ಲ."

"ಮುಟ್ಟಲ್ಲ."

ತಗ್ಗಿಗೆ ಇಳಿಯುವ ದಾರಿ ಒಂದೇ. ಒಂದು ಪಕ್ಕ ಹಟ್ಟಿಯ ಮುಳ್ಳುಬೇಲಿ, ಇನ್ನೊಂದು ಪಕ್ಕ ಆನೆಯಂಥ ಬಂಡೆ, ಬಂಡೆಯಾಚೆ ಹಳ್ಳದ ಕೊರಕಲು. ಕಾಟಯ್ಯ ಆ ಸಂದಿಗೆ ಕೋಲನ್ನು ಅಡ್ಡ ಹಿಡಿದು ಗುರುತು ಕೊರೆದ. ಕುರಿಗಳಲ್ಲಿ ಮುಕ್ಕಾಲು ಪಾಲನ್ನು ಮಾರಿದ. ಹಿಂದಿನ ವರ್ಷ ಪೂನಾ ಹೆದ್ದಾರಿಯ ಕೆಲಸದಲ್ಲಿ ಮಣ್ಣು ಸಾಗಿಸುತ್ತ ಟ್ರ್ಯಾಕ್ಟರ್ ಹೊಡೆಯುವುದನ್ನು ಕಲಿತಿದ್ದ. ಕೋಲು ಹಿಡಿದು ಹೊರಟ.

ದುರ್ಗದಲ್ಲಿ ಶಿವಕುಮಾರಪ್ಪ ಒಂದು ನೀಲಿ ಟ್ರ್ಯಾಕ್ಟರ್ ತೋರಿಸಿದ. ಹೊಸದರ ಹಾಗಿತ್ತು. ಅದರ ದೊಡ್ಡ ಗಾಲಿ ಕಾಟಯ್ಯನ ಎದೆಗೆ ಬರುತ್ತಿತ್ತು.

"ಇದನ್ನ ತಗಂಡೋಗು. ಮನೆ ಕಟ್ಟೋರು, ಕೆರೆ ಏರಿ ಮಾಡೋರು, ರಸ್ತೆ ಕಂಟ್ರಾಕ್ಟಿನೋರು ಎಲ್ಲ ನಿನ್ನ ಬಾಗಿಲಿಗೇ ಬರ್ತಾರೆ. ಕುರಿ ಹಿಂದೆ ಅಲೆಯೋದು ತಪ್ಪುತ್ತೆ."

ಕಾಟಯ್ಯ ಅದರ ಹಿಂಭಾಗಕ್ಕೆ ಹೋಗಿ, ಟಗರಿನ ಬೆನ್ನು ಒತ್ತಿ ನೋಡುವಂತೆ ಅಂಗೈಯಿಂದ ಒತ್ತಿದ. ಶಿವಕುಮಾರಪ್ಪನಿಗೆ ನಗು ತಡೆಯಲಾಗಲಿಲ್ಲ. "ಹಲ್ಲು ಎಣಿಸಬೇಕೇನಪ್ಪ? ಬಾನೆಟ್ ತೆಗಿಸ್ಲಾ?"

"ಗಟ್ಟಿ ಐತೆ," ಎಂದ ಕಾಟಯ್ಯ. ಕೋಲು ಹಿಡಿದ. ಗುರುತು ದಾಟಿ ಗಾಲಿ ಆಚೆ ಚಾಚಿತ್ತು. "ನಮ್ಮ ದಾರಿಗೆ ಆಗಲ್ಲ."

"ದಾರಿ ಅಗಲ ಮಾಡ್ಕ."

"ಆ ದಾರಿ ನಂದಲ್ಲ."

ಹಿರಿಯೂರಿನಲ್ಲಿ ಒಂದನ್ನು ನೋಡಿದ. ಗಾಲಿ ಹಿಡಿಸುತ್ತಿತ್ತು, ಟ್ರೈಲರ್ ಹಿಡಿಸುತ್ತಿರಲಿಲ್ಲ. ಹೊಸದುರ್ಗದಲ್ಲಿ ತೆಂಗಿನ ಸಾಲುಗಳ ನಡುವೆ ಉಳುವುದಕ್ಕೆಂದು ತಂದ ಒಂದು ಪುಟ್ಟ ಟ್ರ್ಯಾಕ್ಟರ್ ಇತ್ತು. ಅಗಲ ಸರಿಯಾಗಿತ್ತು, ಆದರೆ ಕಲ್ಲು ತುಂಬಿ ದಿಣ್ಣೆ ಹತ್ತಿಸಿದಾಗ ಮುಂದಿನ ಗಾಲಿ ನೆಲ ಬಿಟ್ಟು ಮೇಲೆದ್ದಿತು. "ಇದು ಹೆದರುತ್ತೆ," ಎಂದು ಇಳಿದು ಬಂದ. ಹೊಳಲ್ಕೆರೆಯ ಬಸ್ ನಿಲ್ದಾಣದಲ್ಲಿ ಶಿವಕುಮಾರಪ್ಪ ಕೈ ಮುಗಿದ. "ಚಿಕ್ಕಜಾಜೂರಿನಾಗೆ ಒಂದು ಐತೆ. ಇಟ್ಟಿಗೆ ಹೊತ್ತು ಹೊತ್ತು ಸವೆದಿರೋದು. ಅದೂ ಬ್ಯಾಡ ಅಂದ್ರೆ ನೀನು ಕತ್ತೆ ನೋಡ್ಕಬೇಕು ನೋಡು."

ಈಗ ಆ ಸವೆದ ಟ್ರ್ಯಾಕ್ಟರ್ ಅಂಗಳದಲ್ಲಿ ಕಲ್ಲು ಬಡಿಯುತ್ತ ನಿಂತಿತ್ತು. ಕಾಟಯ್ಯ ಇಟ್ಟಿಗೆ ತುಂಬಿಸಿ ಗೂಡಿನ ಏರು ಹತ್ತಿಸಿದ. ತೇಕಿತು, ಹೊಗೆ ಕಾರಿತು, ಮುಂಗಾಲು ಮಾತ್ರ ಎತ್ತಲಿಲ್ಲ.

"ದುರ್ಗದ ನೀಲೀದು ನಾಳೆಗೂ ಸಿಗುತ್ತೆ," ಎಂದು ಶಿವಕುಮಾರಪ್ಪ ಕೊನೆಯ ಬಾರಿ ಹೇಳಿ ನೋಡಿದ. "ಇದರಾಗೆ ನೀನು ಏನು ಗಳಿಸ್ತೀಯ? ಏನು ಕಟ್ಟಿಸ್ತೀಯ?"

"ಒಂದು ಕೋಣೆ," ಎಂದ ಕಾಟಯ್ಯ.

ಹೊಳಲ್ಕೆರೆ, ದುರ್ಗ, ಐಮಂಗಲ ದಾಟಿ ಅವನು ಬರುವಾಗ ದಾರಿಯುದ್ದಕ್ಕೂ ಸದ್ದು ಜೊತೆಗಿತ್ತು. ಇಷ್ಟು ವರ್ಷ ಹಿಂದಿನಿಂದ ಕರೆಯುತ್ತಿದ್ದದ್ದು ಈಗ ಅವನ ಮೊಣಕಾಲಿನ ಹತ್ತಿರವೇ ಕೂತು ಬರುತ್ತಿತ್ತು. ತಿರುಗಿ ನೋಡುವ ಅಗತ್ಯವಿರಲಿಲ್ಲ. ಲಾರಿಗಳು ಹಾದುಹೋದಾಗ ಅದು ಮುಳುಗುತ್ತಿತ್ತು; ಅವನು ಕಿವಿಗೊಟ್ಟು ಕಾಯುತ್ತಿದ್ದ; ಮತ್ತೆ ಮೇಲೇಳುತ್ತಿತ್ತು. ಒಂದೆರಡು ಸಲ ಅವನೂ ಏನೋ ಉತ್ತರ ಕೊಟ್ಟ. ಏನೆಂದನೆಂದು ಆಮೇಲೆ ಅವನಿಗೇ ನೆನಪಾಗಲಿಲ್ಲ.

ಹಟ್ಟಿಯ ತಿರುವಿನಲ್ಲಿ ನಾಗಕ್ಕ ಕಾಯುತ್ತಿದ್ದಳು. ಅವಳ ಮುಖ ಕಂಡು ಅವನು ಬ್ರೇಕ್ ಒತ್ತಿದ.

"ನೀನು ಹೋದ ಮೇಲೆ ನೋವು ಕಾಣಿಸ್ಕಂತು. ಗಂಡುಮಗು. ಇಬ್ರೂ ಚೆನ್ನಾಗವ್ರೆ, ಗಾಬರಿ ಬ್ಯಾಡ."

"ಎಲ್ಲಿ?"

"ಎಲ್ಲಿ ಅಂದ್ರೆ? ತಗ್ಗಿನಾಗೆ." ಅವಳು ನೆಲ ನೋಡಿದಳು. "ಹೊಸಾ ಸೊಪ್ಪು ಹಾಕ್ಸೀನಿ. ಗೂಡಿನಾಗಿದ್ದ ಆ ಬೆಣಚುಕಲ್ಲು ಕೊಟ್ಟು ಬಂದೀನಿ. ಏನಾರ ಬೇಕಾದ್ರೆ ಬಡಿ ಮಗಾ, ನಾನು ಬರ್ತೀನಿ ಅಂತ."

ಕಾಟಯ್ಯ ಪೂರ್ವದ ಕಡೆ ನೋಡಿದ. ಮೋಡ ಕುರಿಮಂದೆಯ ಹಾಗೆ ಒತ್ತೊತ್ತಾಗಿ ಇಳಿದು ಬರುತ್ತಿತ್ತು. ಅವನು ಮನೆಗೆ ಹೋಗಲಿಲ್ಲ. ಹಟ್ಟಿಯಾಚೆ ಬಂಡೆ ಒಡೆಯುತ್ತಿದ್ದ ಕಲ್ಲುಕೆಲಸದವರ ಹತ್ತಿರಕ್ಕೆ ಟ್ರ್ಯಾಕ್ಟರ್ ಹೊಡೆದು, ಹಿಡಿಸುವಷ್ಟು ಚಪ್ಪಡಿ ಹೇರಿಸಿದ. ಇವತ್ತು ಕೋಣೆ ಆಗದಿದ್ದರೂ ನಾಲ್ಕು ಚಪ್ಪಡಿ ಗುಡಿಸಲಿಗೆ ಒರಗಿಸಿದರೆ ಗಾಳಿಗೆ ಅಡ್ಡವಾದೀತು. ಇಳಿಸಲು ಕೆಲಸದ ಹೆಂಗಸರಿಗೆ ಹಿಂದಿನಿಂದ ನಡೆದು ಬರಲು ಹೇಳಿದ.

ಸಂದಿಯ ಬಾಯಿಗೆ ಬಂದಾಗ ಟ್ರ್ಯಾಕ್ಟರಿನ ಮೂತಿ ಒಳಗೆ ಹೋಯಿತು. ದೊಡ್ಡ ಗಾಲಿ ಹೋಗಲಿಲ್ಲ. ಮುಳ್ಳು ಟೈರಿಗೆ ಒತ್ತಿ ಕರಕರ ಎಂದಿತು. ಇನ್ನೊಂದು ಕಡೆ ಗಾಲಿ ಬಂಡೆಗೆ ಉಜ್ಜಿತು.

ಕಾಟಯ್ಯ ಕೂತಲ್ಲಿಂದಲೇ ಬಾಗಿ ಕೋಲು ಹಿಡಿದ. ಗುರುತು ಮುಳ್ಳಿನ ಒಳಗೆ ಹೂತುಹೋಯಿತು. ಆಗ ಅವನಿಗೆ ಹೊಳೆಯಿತು. ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮನೆಗೊಂದು ಹೊರೆ ಕಾರೆಮುಳ್ಳು ತಂದು ಬೇಲಿಯ ಮೇಲೆ ಹೇರುವುದು ಹಟ್ಟಿಯ ಪದ್ಧತಿ. ಬುದ್ಧಿ ಬಂದಾಗಿನಿಂದ ಅವನೂ ಹೇರಿದವನೇ. ಅವನು ಊರೂರು ಅಲೆಯುತ್ತಿದ್ದಾಗ ಹೊಸ ಮುಳ್ಳು ಬಿದ್ದಿತ್ತು. ಅವನ ಮನೆಯ ಪಾಲಿನ ಹೊರೆಯನ್ನೂ ಪಕ್ಕದವರು ಮರೆಯದೆ ಹಾಕಿದ್ದರು.

ಪಾಲಣ್ಣ ಬಂದ. ಹಿಂದೆ ನಾಲ್ಕಾರು ಹಿರಿಯರು ಬಂದರು.

"ಮೇಲಿನ ಒಂದು ಪದರ ತೆಗೆದ್ರೆ ಸಾಕಣ್ಣ," ಎಂದ ಕಾಟಯ್ಯ. ಎಂಜಿನ್ನಿನ ಸದ್ದಿಗೆ ದನಿ ಎತ್ತಬೇಕಾಯಿತು. "ಈ ವರ್ಷದ್ದು ಮಾತ್ರ."

"ಹಾಕಿದ ಮುಳ್ಳು ತೆಗಿಯೋಕೆ ದೇವರ ಅಪ್ಪಣೆ ಕೇಳಬೇಕು."

"ಕೇಳ್ರಿ ಮತ್ತೆ."

"ಸೋಮವಾರ ಬರ್ಲಿ."

"ಮಳೆ ಸೋಮವಾರದ ತಂಕ ಕಾಯಲ್ಲ."

"ಲೇ ಕಾಟಯ್ಯ, ಬೇಲಿ ಮುಟ್ಟಲ್ಲ ಅಂತ ಮಾತು ಕೊಟ್ಟೋನು ನೀನೇ ತಾನೆ?" ಎಂದ ಹಿಂದಿನಿಂದ ಒಬ್ಬ.

"ಕೊಟ್ಟೋನು ನಾನೇ."

"ದೇವರಿಗೆ ಕುರಿ ಬಿಡೋ ಮನೆತನ. ಕುರಿ ಮಾರಿ ಕಬ್ಬಿಣ ತಂದ," ಎಂದು ಇನ್ನೊಬ್ಬ ಗೊಣಗಿದ. "ಅದೂ ಕೆಮ್ಮೋ ಕಬ್ಬಿಣ."

ದಪ್ಪ ಹನಿಯೊಂದು ಬಾನೆಟ್ಟಿನ ಮೇಲೆ ಬಿದ್ದು ಚುರ್ ಎಂದಿತು. ಇನ್ನೊಂದು ಬಿತ್ತು, ನೋಡನೋಡುತ್ತ ಮಳೆ ಹಿಡಿಯಿತು. ಗಾಳಿ ತಗ್ಗಿನ ಕಡೆಯಿಂದ ತಿರುಗಿ ಹಸಿ ಸೊಪ್ಪಿನ ವಾಸನೆ ತಂದಿತು.

"ಮೊದ್ಲು ಅದರ ಬಾಯಿ ಮುಚ್ಚಿಸು ಮಾರಾಯ," ಎಂದ ಪಾಲಣ್ಣ. "ಟಕ್ ಟಕ್, ಟಕ್ ಟಕ್. ಮಾತೇ ಕೇಳ್ತಿಲ್ಲ."

ಕಾಟಯ್ಯ ಎಂಜಿನ್ ನಿಲ್ಲಿಸಿದ. ಗುಡುಗುಡು ಇಳಿಯಿತು, ಹೊಗೆ ಚೆದುರಿತು.

ಟಕ್. ಟಕ್ ಟಕ್.

ಅವನು ಕೀಲಿ ನೋಡಿದ. ಎಂಜಿನ್ ಸತ್ತೇ ಇತ್ತು. ಮುಖ ಎತ್ತಿ ಹಿರಿಯರ ಕಡೆ ನೋಡಿದ. ಗೊಣಗುತ್ತಿದ್ದವನ ಬಾಯಿ ಅರ್ಧಕ್ಕೆ ನಿಂತಿತ್ತು. ಪಾಲಣ್ಣ ತಗ್ಗಿನ ಕಡೆಗೆ ಕುತ್ತಿಗೆ ತಿರುಗಿಸಿದ್ದ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಆ ಸದ್ದಿಗೆ ಅವನ ಜೊತೆ ಇನ್ನೊಬ್ಬರು ತಿರುಗಿದ್ದರು.

"ನಾಗಕ್ಕ ಎಲ್ಲಿ?" ಎಂದು ಪಾಲಣ್ಣ ಕೇಳಿದ. ಅವನ ದನಿ ಸಣ್ಣದಾಗಿತ್ತು. "ಯಾರಾನ ಹೆಂಗಸ್ರನ್ನ ಕೂಗ್ರಿ. ಕಾಟಯ್ಯ, ನೀನು ಕುಂತ್ಕ. ಇಳೀಬ್ಯಾಡ. ಒಂದ್ಗಳಿಗೆ ಮಳೆ ತಗ್ಗಲಿ, ಆಮ್ಯಾಲೆ ಎಲ್ಲ ಕೂತು..."

ಕಾಟಯ್ಯ ಕೋಲನ್ನು ಸೀಟಿನ ಮೇಲೆ ಇಟ್ಟ. ಗಾಲಿಯ ಮೇಲೆ ಕೈಯೂರಿ, ಬಂಡೆಯ ಪಕ್ಕದ ಇಕ್ಕಟ್ಟಿನಲ್ಲಿ ಕೆಳಗಿಳಿದ. ಬರಿಗಾಲಿಗೆ ಒದ್ದೆ ಮಣ್ಣು ಹತ್ತಿತು. ಹಿಂದೆ ಪಾಲಣ್ಣ ಇನ್ನೂ ಮಾತಾಡುತ್ತಿದ್ದ, ಅಂದೂ ತಾನು ಹೇಳಿದ್ದು ಒಳ್ಳೇದಕ್ಕೇ ಎಂದೋ, ದೇವರು ದೊಡ್ಡವನೆಂದೋ. ಕಾಟಯ್ಯ ಮುಳ್ಳಿಗೆ ಅಂಗಿ ಹರಿಯಗೊಡುತ್ತ ಸಂದಿಯನ್ನು ದಾಟಿ, ಸದ್ದು ಬಂದ ಕಡೆಗೆ ತಗ್ಗಿಗೆ ಇಳಿದು ನಡೆದ.