ಗಿರಿಜಕ್ಕನ ಹಗುರ ಲೆನ್ಸು

ಗಿರಿಜಕ್ಕನ ಎಡಗೈಗೆ ಕಿವಿಯಿಟ್ಟರೆ ಒಳಗೆ ದುಂಬಿ ಗುಂಯ್‌ಗುಟ್ಟಿದಂತೆ ಕೇಳಿಸುತ್ತಿತ್ತು. ಡಯಾಲಿಸಿಸ್ ಸೂಜಿ ಚುಚ್ಚಲು ಅನುಕೂಲವಾಗಲೆಂದು ಡಾಕ್ಟರು ಆಪರೇಷನ್ ಮಾಡಿ ರಕ್ತನಾಳಗಳನ್ನು ಜೋಡಿಸಿದ್ದ ಕೈ ಅದು. ಓಣಿಯ ಮಕ್ಕಳು ಸರದಿಯಲ್ಲಿ ಬಂದು ಕೇಳುತ್ತಿದ್ದವು. "ಯಾವ ರೇಡಿಯೋ ಸ್ಟೇಷನ್ ಹಿಡೀತು, ಹೇಳ್ರಿ" ಎಂದು ಅಕ್ಕ ನಗುತ್ತಿದ್ದರು. ಆ ಕೈಗೆ ಬಳೆ ಹಾಕುವಂತಿರಲಿಲ್ಲ, ಅದರಿಂದ ಭಾರ ಎತ್ತುವಂತಿರಲಿಲ್ಲ. ನಿದ್ದೆಯಲ್ಲೂ ಆ ಮಗ್ಗುಲಿಗೆ ಹೊರಳುವಂತಿರಲಿಲ್ಲ. ಯಾರದೋ ಸಾಮಾನನ್ನು ಜೋಪಾನವಾಗಿ ಇಟ್ಟುಕೊಂಡವರ ಹಾಗೆ ಅದನ್ನು ಮೈಯಿಂದ ತುಸು ದೂರ ಹಿಡಿದು ನಡೆಯುತ್ತಿದ್ದರು.

ಬಳ್ಳಾರಿಯ ಗಾಂಧಿನಗರದಲ್ಲಿ ನಮ್ಮ ಎದುರು ಮನೆ ಅವರದು. ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದವರು, ಕಿಡ್ನಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟರು. ಗಂಡ ಪಂಪಣ್ಣ ಎಲೆಕ್ಟ್ರಿಕ್ ಸಾಮಾನಿನ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದರು. ಮಾತು ಕಡಿಮೆಯ ಮನುಷ್ಯ. ಅಕ್ಕನಿಗೆ ಒಂದು ದಿನ ಬಿಟ್ಟು ಒಂದು ದಿನ ಆಸ್ಪತ್ರೆ. ನಡುವಿನ ಖಾಲಿ ದಿನದಲ್ಲಿ ಬಸ್ಸು ಹತ್ತಿ ಎಷ್ಟು ದೂರ ಹೋಗಿ ಬರಲು ಸಾಧ್ಯವೋ ಅಷ್ಟೇ ಅವರ ಪ್ರಪಂಚ.

ಸಂಬಂಧಿಕರ ಹುಡುಗನೊಬ್ಬ ತನ್ನ ಹಳೆಯ ಕ್ಯಾಮೆರಾವನ್ನು ಅವರಿಗೆ ಕೊಟ್ಟಿದ್ದ. ಆದರೆ ಅದಕ್ಕೆ ಲೆನ್ಸ್ ಇರಲಿಲ್ಲ. ನಾನು ಮದುವೆ ಫೋಟೋ ತೆಗೆಯುವವನು, ಹಾಗಾಗಿ ನನ್ನ ಹತ್ತಿರ ಬಂದರು.

"ತಮ್ಮಾ, ಊರೂರು ತಿರುಗಾಕ ಒಂದು ಲೆನ್ಸ್ ಬೇಕು. ಒಂದೇ ಸಾಕು. ಔಷಧಿ ತಗೊಂಡು ಉಳಿದದ್ರಾಗ ಬರಬೇಕು, ಹಳೇದಾದ್ರೂ ಅಡ್ಡಿಯಿಲ್ಲ."

ನಾನು ಉತ್ಸಾಹದಿಂದ ದೊಡ್ಡ ಜೂಮ್ ಲೆನ್ಸಿನ ಗುಣಗಾನ ಶುರುಮಾಡಿದೆ. ಗುಡಿಯ ಬಾಗಿಲೂ ಬರುತ್ತದೆ, ಗೋಪುರದ ಮೇಲಿನ ಗಿಳಿಯೂ ಬರುತ್ತದೆ, ಬಳ್ಳಾರಿಯ ಧೂಳಿನಲ್ಲಿ ಲೆನ್ಸ್ ಬದಲಿಸುವ ತಾಪತ್ರಯವೇ ಇಲ್ಲ. ಅಕ್ಕ ಎಲ್ಲ ಕೇಳಿಸಿಕೊಂಡು, "ತೂಕ ಎಷ್ಟು?" ಎಂದರು. ಅದರದ್ದೂ ಉಳಿದ ಲೆನ್ಸುಗಳದ್ದೂ ತೂಕ ಬರೆದುಕೊಟ್ಟೆ. ಮರುದಿನ ಹೋಗಿ ನೋಡಿದರೆ ಒಂದೊಂದು ಲೆನ್ಸಿನ ತೂಕಕ್ಕೆ ಒಂದೊಂದು ತೊಗರಿಬೇಳೆ ಪೊಟ್ಟಣ ಕಟ್ಟಿ ಇಟ್ಟುಕೊಂಡಿದ್ದರು. ಎಲ್ಲರೂ ಲೆನ್ಸನ್ನು ಎಡ ಅಂಗೈಯಲ್ಲಿ ಹೊರುತ್ತಾರೆ. ಅವರು ಬಲಗೈಯೊಂದರಲ್ಲೇ ಎಲ್ಲವನ್ನೂ ಹೊರಬೇಕಿತ್ತು. ದೊಡ್ಡ ಜೂಮಿನ ಪೊಟ್ಟಣವನ್ನು ಕ್ಯಾಮೆರಾಕ್ಕೆ ಕಟ್ಟಿ ಕಣ್ಣಿನ ಮಟ್ಟಕ್ಕೆ ಎತ್ತಿದ್ದೇ ತಡ, ಕೈ ನಡುಗತೊಡಗಿತು.

"ಇದು ಬ್ಯಾಡ. ನೀ ಮದುವಿ ಮನ್ಯಾಗ ಹೊತ್ಕೊಂಡು ಅಡ್ಡಾಡು."

ಐವತ್ತು ಎಂಎಂ ಲೆನ್ಸ್ ಅಗ್ಗ, ಕತ್ತಲಲ್ಲೂ ಚೆನ್ನಾಗಿ ಕೆಲಸ ಮಾಡುತ್ತದೆ ಎಂದೆ. ಆದರೆ ಆ ಕ್ಯಾಮೆರಾದಲ್ಲಿ ಅದು ಎಲ್ಲವನ್ನೂ ಹತ್ತಿರಕ್ಕೆ ಎಳೆದು ತೋರಿಸುತ್ತದೆ. ಗುಡಿ ಪೂರ್ತಿ ಬರಬೇಕೆಂದರೆ ತುಂಬಾ ಹಿಂದೆ ಸರಿಯಬೇಕು.

"ಹಿಂದ ಹಿಂದ ಸರದು ಬಾವ್ಯಾಗ ಬೀಳ್ಲೇನು?"

ಕೊನೆಗೆ, ಹೊಸ ಕ್ಯಾಮೆರಾದ ಜೊತೆಗೇ ಬರುವ ಸಾಧಾರಣ ಪುಟ್ಟ ಜೂಮ್ ಲೆನ್ಸನ್ನು ಆರಿಸಿದರು. ಹಗುರ, ಅಗ್ಗ, ಅಗಲವಾಗಿಯೂ ಕಾಣುತ್ತದೆ. ಬೆಳಕು ಕಡಿಮೆಯಿದ್ದರೆ ಮಾತ್ರ ಕಷ್ಟ ಎಂದು ಎಚ್ಚರಿಸಿದೆ. "ಹೊತ್ತು ಮುಳುಗೋದ್ರಾಗ ನಾ ಮನಿ ಸೇರಬೇಕಲ್ಲ, ನಡೀತೈತಿ ಬಿಡು" ಎಂದರು.

ಲೆನ್ಸ್ ಬಂದ ಮೇಲೆ ಇಬ್ಬರೂ ಮೊದಲು ಸಿರುಗುಪ್ಪದ ಕಡೆ ಹೋದೆವು. ಗದ್ದೆಯ ಬದುವಿನ ಮೇಲೆ ಕುಳಿತು, ಭತ್ತ ನಾಟಿ ಮಾಡುತ್ತಿದ್ದ ಹೆಂಗಸರ ಫೋಟೋ ತೆಗೆದರು. ಒಬ್ಬಾಕೆ ಸೊಂಟ ನೆಟ್ಟಗೆ ಮಾಡಿ, "ಯಾವ ಪೇಪರಿನಾಕಿ ಅಕ್ಕಾ ನೀನು?" ಎಂದು ಕೂಗಿದಳು. "ಪೇಪರಿನಾಕಿ ಅಲ್ಲವ್ವಾ, ನೋಡಾಕ ಬಂದಾಕಿ" ಎಂದರು ಅಕ್ಕ. ಆ ಹೆಂಗಸರು ತಂಬಿಗೆ ತುಂಬ ಮಜ್ಜಿಗೆ ತಂದುಕೊಟ್ಟರು. ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಕಟ್ಟುನಿಟ್ಟು ಮಾಡಿದ್ದರಿಂದ ಅಕ್ಕ ತುಟಿಗೆ ಮುಟ್ಟಿಸಿ ನನ್ನ ಕೈಗಿತ್ತರು. ನಾನು ಕುಡಿದು ಮುಗಿಸುವವರೆಗೂ ತಂಬಿಗೆಯನ್ನೇ ನೋಡುತ್ತಿದ್ದರು.

ಆಮೇಲೆ ಕುರುಗೋಡು. ಅಲ್ಲಿನ ಹಳೆಯ ಕಲ್ಲುಗುಡಿಯೊಂದರ ಮಂಟಪದಲ್ಲಿ ಮುದುಕಿಯೊಬ್ಬಳು ಕಂಬಕ್ಕೊರಗಿ ಹೂ ಕಟ್ಟುತ್ತಿದ್ದಳು. ಒಳಗೆ ಬೆಳಕು ಕಡಿಮೆ. ಅಕ್ಕ ತೆಗೆದೇ ತೆಗೆದರು, ಎಲ್ಲವೂ ಅಲುಗಿಹೋದವು. ಕಟ್ಟೆಯ ಮೇಲೆ ಕುಳಿತು ಅಳತೊಡಗಿದರು. ಸೂಜಿ ಚುಚ್ಚುವಾಗಲೂ ಅಳದವರು.

"ಇನ್ನೊಂದ್ಸಲ ಬರೋಣಕ್ಕಾ."

"ನಿನಗೇನಪ್ಪಾ, ಯಾವಾಗ ಬೇಕಾದ್ರೂ ಬರ್ತಿ. ನನಗ ಬರಾಕ ಆಗತೈತೋ ಇಲ್ಲೋ."

ನಾನು ಅವರ ಪಕ್ಕ ನಿಂತು ಲೆನ್ಸಿನ ಕೆಳಗೆ ನನ್ನ ಅಂಗೈ ಕೊಟ್ಟೆ. ಕಣ್ಣು ಅವರದು, ಬೆರಳು ಅವರದು, ಕೈ ನನ್ನದು. ಒಂದೇ ಒಂದು ಚಿತ್ರ ಸ್ಪಷ್ಟವಾಗಿ ಬಂತು. ಬಸ್ಸಿನಲ್ಲಿ ಬಳ್ಳಾರಿ ತಲುಪುವವರೆಗೂ ಅದನ್ನೇ ನೋಡಿಕೊಂಡು ಬಂದರು.

ಅವರ ಆಸೆ ಇದ್ದದ್ದು ಸಮುದ್ರದ ಮೇಲೆ. "ಅಷ್ಟು ವರ್ಷ ಹುಡುಗರ ಕೈಲಿ ನಕಾಶಿಗೆ ನೀಲಿ ಬಣ್ಣ ಹಚ್ಚಿಸೀನಿ, ಒಂದಿನಾನೂ ಕಣ್ಣಿಲೆ ನೋಡಿಲ್ಲ" ಎನ್ನುತ್ತಿದ್ದರು. ಪಂಪಣ್ಣ ಯಾರಿಗೂ ಹೇಳದೆ ಕಾರವಾರದ ಕಡೆಯ ಆಸ್ಪತ್ರೆಗಳಿಗೆಲ್ಲ ಫೋನು ಮಾಡಿ, ಹೊರಗಿನವರಿಗೂ ಡಯಾಲಿಸಿಸ್ ಮಾಡುತ್ತೇವೆ ಎನ್ನುವ ಒಂದು ಜಾಗ ಹುಡುಕಿದರು. ಟಿಕೆಟ್ಟೂ ಆಯಿತು. ಅಕ್ಕ ಕ್ಯಾಮೆರಾ ಚೀಲವನ್ನು ದಿನವೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದರು.

ಹೊರಡಬೇಕಾದ ವಾರ ಒಂದು ಬೆಳಿಗ್ಗೆ ಪಂಪಣ್ಣ ನಮ್ಮ ಬಾಗಿಲಿಗೆ ಬಂದರು. "ಅಕಿ ಕೈ ಸುಮ್ಮನಾಗೈತಿ" ಎಂದರು. ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಒಳಗಿನ ಗುಂಯ್ ಸದ್ದು ನಿಂತಿತ್ತು. ಆಸ್ಪತ್ರೆಯಲ್ಲಿ ಕರಗಿಸಲು ನೋಡಿದರು, ಆಗಲಿಲ್ಲ. ಕುತ್ತಿಗೆಯ ಬಳಿ ನಳಿಗೆ ಹಾಕಿ ಡಯಾಲಿಸಿಸ್ ಮುಂದುವರಿಸಿದರು. ಪ್ರಯಾಣ ನಿಂತಿತು. ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಳ್ಳುವುದೂ ನಿಂತಿತು. ಇನ್ನು ಬಲಗೈಗೆ ಆಪರೇಷನ್ ಮಾಡಬೇಕೆಂದರು. "ಮಾಡ್ರಿ. ಬದುಕಬೇಕಲ್ಲ" ಎಂದರು ಅಕ್ಕ. ಆ ಕೈಯ ಆಪರೇಷನ್ನೂ ಫಲಿಸಲಿಲ್ಲ.

ನಾನು ಕೊನೆಯ ಸಲ ಕಂಡಾಗ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಪಕ್ಕದಲ್ಲಿ ಕೂಲರ್ ಸದ್ದು ಮಾಡುತ್ತಿತ್ತು, ಅದರ ಮಗ್ಗುಲಲ್ಲೇ ಕ್ಯಾಮೆರಾ ಚೀಲ. ನಳಿಗೆಯ ಜಾಗದಲ್ಲಿ ಸೋಂಕಾಗಿ ಜ್ವರ ಬಂದಿತ್ತು.

"ತಮ್ಮಾ, ಸಮುದ್ರಕ್ಕ ಈ ಲೆನ್ಸ್ ಸಾಲ್ತಿತ್ತೇನು?"

"ಸಾಲ್ತಿತ್ತಕ್ಕಾ."

"ಪೂರಾ ಬರ್ತಿತ್ತೇನು?"

"ಪೂರಾ ಯಾವ ಲೆನ್ಸಿನಾಗೂ ಬರಂಗಿಲ್ಲ."

"ಹಂಗಾದ್ರ ಇನ್ನೊಂದು ತಗೊಳ್ಳಾಕ ಆಗಲಿಲ್ಲ ಅಂತ ಬ್ಯಾಸರ ಇಲ್ಲ ಬಿಡು" ಎಂದರು. ಆ ವಾರವೇ ಹೋಗಿಬಿಟ್ಟರು.

ಮೊನ್ನೆ ಬೇಸಿಗೆಯಲ್ಲಿ ಪಂಪಣ್ಣ ಕ್ಯಾಮೆರಾ ಮಾರುವ ಮನಸ್ಸು ಮಾಡಿ ನನ್ನನ್ನು ಕರೆದರು. ಕೊಳ್ಳಲು ಬಂದಾತ ಲೆನ್ಸನ್ನು ಬೆಳಕಿಗೆ ಹಿಡಿದು ನೋಡಿ, "ಒಳಗ ಫಂಗಸ್ ಬಂದೈತ್ರಿ, ಬ್ಯಾಡ" ಎಂದು ಹೊರಟುಹೋದ. ನಾನೂ ನೋಡಿದೆ. ಗಾಜಿನೊಳಗೆ ಬೂಷ್ಟು ಜೇಡನ ಬಲೆಯಂತೆ ಬೆಳ್ಳಗೆ ಹಬ್ಬಿತ್ತು. ಕೂಲರಿನ ತೇವದ ಪಕ್ಕ ತಿಂಗಳುಗಟ್ಟಲೆ ಚೀಲದಲ್ಲೇ ಇದ್ದದ್ದಲ್ಲವೇ.

"ಮ್ಯಾಲೆ ದಿನಾ ಒರೆಸ್ತಿದ್ದೆ" ಎಂದರು ಪಂಪಣ್ಣ. "ಬಿಸಿಲಿಗಿಟ್ರ ಹೋಗತೈತೇನು?"

ಗಾಜನ್ನು ಕಚ್ಚಿದ ಕಲೆ ಹೋಗುವುದಿಲ್ಲ. "ಇಟ್ಟು ನೋಡ್ರಿ" ಎಂದೆ.

ಮರುದಿನ ಮಧ್ಯಾಹ್ನ ನಮ್ಮ ಮಾಳಿಗೆಯಿಂದ ಕಾಣಿಸಿತು. ಎದುರು ಮನೆಯ ಮಾಳಿಗೆಯ ಮೇಲೆ ಬಿಳಿ ಬಟ್ಟೆ ಹಾಸಿ ಲೆನ್ಸ್ ಇಟ್ಟಿದ್ದರು. ಕೋತಿ ಒಯ್ದಾವೆಂದು ಪಂಪಣ್ಣ ಪಕ್ಕದಲ್ಲೇ ಕುಳಿತಿದ್ದರು, ತಲೆಯ ಮೇಲೆ ಟವೆಲ್ಲು ಹೊದ್ದು, ಕೈಯಲ್ಲೊಂದು ಕೋಲು ಹಿಡಿದು.