ಕಂಪ್ಯೂಟರಿಗೆ ಬೈಯುವ ಮಹಾದೇವಿ

ನವನಗರದ ನಮ್ಮ ಕಾಲೇಜಿನ ಕಂಪ್ಯೂಟರ್ ಕೋಣೆಗೆ ಇಂಟರ್ನೆಟ್ ಬಂದ ದಿನದಿಂದ ನನ್ನ ಸಹಪಾಠಿ, ಗುಡೂರಿನ ಮಹಾದೇವಿ ಅಲ್ಲಿನ ಕಂಪ್ಯೂಟರಿನೊಡನೆ ಜಗಳಕ್ಕೆ ನಿಂತಿದ್ದಾಳೆ. ಆಕೆ ಕಲಿಯುತ್ತಿರುವುದು ಪರದೆಯ ಮೇಲೆ ಮೌಸಿನಿಂದ ತಂತಿ ಎಳೆದು ಬಲ್ಬು ಹೊತ್ತಿಸುವ ಇಂಟರ್ನೆಟ್ ಪಾಠ. ಬಲ್ಬು ಹೊತ್ತದಿದ್ದರೆ ಕಂಪ್ಯೂಟರು ‘ತಪ್ಪು, ಮತ್ತೊಮ್ಮೆ ಮಾಡಿ’ ಎನ್ನುತ್ತದೆ. “ಭಾಡ್ಯಾ, ನನಗ ತಪ್ಪ ಅಂತೀಯೇನೋ?” ಎಂದು ಆಕೆ ಹೊಲಕ್ಕೆ ನುಗ್ಗಿದ ಹೋತವನ್ನು ಗದರುವಂತೆ ಗದರಿ, ಮೌಸನ್ನು ಮೇಜಿಗೆ ಕುಟ್ಟಿ, ಮತ್ತೆ ತಂತಿ ಎಳೆಯುತ್ತಾಳೆ. ಕರೆಂಟು ಹೋದರೆ ಕಪ್ಪು ಪರದೆಗೂ ಬೈಗುಳ ತಪ್ಪದು; ಕುರ್ಚಿಯನ್ನಂತೂ ಬಿಡಳು. ಸರದಿಗೆ ಕಾದು ಕಾದು ಪಿತ್ತ ನೆತ್ತಿಗೇರಿ ನಾನೊಮ್ಮೆ ಚೀರಿದೆ: “ಸಾಕ ಏಳವಾ! ಅಷ್ಟ ಸಿಟ್ಟಿದ್ರ ಅದರ ಮುಂದ ಯಾಕ ಕೂಡ್ತಿ?” ಆಕೆ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: “ಇದು ತಪ್ಪಂದ್ರೂ ಮತ್ತೊಮ್ಮೆ ಮಾಡು ಅಂತೈತಿ. ನಮ್ಮ ಸಾಲಿ ಮಾಸ್ತರು, ತಪ್ಪಿದ್ರ ಕುರಿ ಕಾಯಾಕ ಹೋಗು ಅಂತಿದ್ರು.”